ಕಾಲು ಮುರಿದ ಮಣ್ಣೆತ್ತು

ಎಪ್ಪತ್ತರ ದಶಕದ ಕೊನೆ. ಹಬ್ಬಗಳನ್ನು ಕರಕುಶಲದ ಮೂಲಕ ಮಕ್ಕಳಿಗೆ ಪರಿಚಯಿಸಬೇಕೆಂದು ನಾನು ಮಾಸ್ತರನಾಗಿದ್ದ ಶಾಲೆಗೆ ಸುತ್ತೋಲೆ ಬಂತು. ಅಬಲೂರಿನ ಆಚೆಯ ಹಳ್ಳಿಯ, ಒಕ್ಕಲುತನದ ಮನೆಯ ಮಕ್ಕಳಿಗೆ ಮಣ್ಣೆತ್ತಿನ ಅಮಾವಾಸ್ಯೆಯನ್ನು ಪರಿಚಯಿಸಬೇಕಾದವನು ಯಾರು? ನಾನು! ಸವಣೂರಿನ ಆಚಾರ್ಯರ ಮನೆಯವನು. ಎತ್ತಿಗೆ ಸಂಸ್ಕೃತದಲ್ಲಿ ಹತ್ತು ಹೆಸರು ಹೇಳಬಲ್ಲೆ, ಅದರ ಬಾಲ ಎಲ್ಲಿಂದ ಶುರುವಾಗುತ್ತದೆಂದು ಮಾತ್ರ ಗೊತ್ತಿರಲಿಲ್ಲ.

ನಾನು ಮಾಡಿ ತೋರಿಸಿದ್ದನ್ನು ನೋಡಿ ಏಳನೆಯ ಇಯತ್ತೆಯ ಹುಡುಗಿಯೊಬ್ಬಳು, "ಹಂದಿ ಚೊಲೋ ಆಗೇತ್ರಿ ಸರ" ಎಂದಳು. ಹೊಗಳಿಕೆಯೇ ಇರಬೇಕು.

ಆದರೂ ಬಿಡುವ ಹಾಗಿರಲಿಲ್ಲ. ಅಮಾವಾಸ್ಯೆಯ ಮರುದಿನ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹೆಂಡತಿ, ಆರು ತಿಂಗಳ ಮಗಳು ಸವಣೂರಿನಲ್ಲಿ. ಸಾಹೇಬರು ಒಂದು ಒಳ್ಳೆಯ ಮಾತು ಬರೆದರೆ ನನಗೆ ಅಲ್ಲಿಗೆ ವರ್ಗ ಖಾತ್ರಿ. ಮಕ್ಕಳು ಎರೆಮಣ್ಣಿನಲ್ಲಿ ಇಪ್ಪತ್ತು ಜೋಡಿ ಎತ್ತು ಮಾಡಿದರು. ಅಬ್ಬಾ, ಒಂದೊಂದಕ್ಕೂ ಗುಲಗಂಜಿಯ ಕಣ್ಣು! ಪೂಜೆಗೆಂದು ಮನೆಗೆ ಒಯ್ಯುವಾಗ, "ನಾಳೆ ಹೊಳ್ಳಿ ತರಬೇಕು ನೋಡ್ರಿ" ಎಂದು ಆಣೆ ಮಾಡಿಸಿಕೊಂಡೆ.

ತಂದರು, ಮಾತು ತಪ್ಪುವ ಮಕ್ಕಳಲ್ಲ. ಆದರೆ ಪ್ರತಿ ಜೋಡಿಯಲ್ಲೂ ಒಂದು ಎತ್ತಿನ ಮುಂಗಾಲು ಮುರಿದಿತ್ತು! ನನ್ನ ಮೈಯೆಲ್ಲ ಉರಿಯಿತು.

"ಯಾರಲೇ ಕಾಲು ಮುರದವ್ರು?"

"ನಾವ ಮುರದೇವ್ರಿ ಸರ," ಅದೇ ಹುಡುಗಿ ಹೇಳಿದಳು. "ಅಮಾಸಿ ಮರುದಿನ ಕುಂಟೆತ್ತು ಹಿಡಕೊಂಡು ಮನಿಮನಿಗೆ ಜ್ವಾಳ ಬೇಡಬೇಕಲ್ರಿ. ಕಾಲು ನೆಟ್ಟಗಿದ್ರ ಯಾರ ನೀಡ್ತಾರ? ಇಷ್ಟೂ ಗೊತ್ತಿಲ್ಲೇನ್ರಿ?"

ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು. ಮುಗಿಯಿತು ನನ್ನ ಕಥೆ ಎಂದು ನಿಂತೆ. ಅವರು ಒಂದು ಕುಂಟೆತ್ತನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಸಣ್ಣಾವಿದ್ದಾಗ ನಾನೂ ಮುರದೇನ್ರಿ ಮಾಸ್ತರ. ಈಗ ಇದನ್ನೆಲ್ಲಾ ಯಾರ ಕಲಿಸ್ತಾರ?" ಎಂದು ಕಣ್ಣೊರೆಸಿಕೊಂಡರು. ಕಲಿಸಿದವನು ನಾನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಸವಣೂರು ನೆನಪಾಗಿ ನುಂಗಿಕೊಂಡೆ.

ಸಾಹೇಬರು ಮನಸಾರೆ ಶೆರಾ ಬರೆದರು: "ಇಂಥ ಶಿಕ್ಷಕರು ಅಪರೂಪ. ಇವರನ್ನು ಯಾವ ಕಾರಣಕ್ಕೂ ಈ ಊರಿನಿಂದ ವರ್ಗ ಮಾಡಬಾರದು."

ಒಂಬತ್ತು ವರ್ಷ ಅಲ್ಲೇ ಕೊಳೆತೆ. ನಡುವೆ ವರ್ಗದ ಆಸೆ ಬಿಟ್ಟು ಹೆಂಡತಿ, ಮಗಳನ್ನೂ ಅಲ್ಲಿಗೇ ಕರೆತಂದೆ. ಮಗಳು ಮಾಡಿದ ಮೊದಲ ಎತ್ತು ನೆಟ್ಟಗೆ ನಿಂತದ್ದು ಕಂಡು ಹಿಗ್ಗಿ ಅದನ್ನು ಕಪಾಟಿನ ಮೇಲಿಟ್ಟೆ. ಮರುದಿನ ಅವಳು ಕುರ್ಚಿ ಹತ್ತಿ ಇಳಿಸಿಕೊಂಡು, ಪಟಕ್ಕನೆ ಕಾಲು ಮುರಿದು, ಮೊದಲು ನನ್ನ ಮುಂದೆಯೇ ಹಿಡಿದಳು.

"ಜ್ವಾಳ ನೀಡಪ್ಪಾ. ನಮ್ಮೂರಾಗ ಹಿಂಗ ಪದ್ಧತಿ."

ನಮ್ಮೂರು ಎಂದಳು. ಎರಡು ಬೊಗಸೆ ನೀಡಿದೆ.