ಅಪ್ಪಣೆಯಿಲ್ಲದೆ ಒಳಬಂದವರು

ಇನ್ಶೂರೆನ್ಸ್ ಕಚೇರಿಯ ಕ್ಲೇಮು ವಿಭಾಗದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಕೆಲಸ ಮಾಡಿದೆ. ಪರಿಹಾರ ಕೇಳಿ ಬಂದ ಅರ್ಜಿಗಳನ್ನು ಓದುವುದು, ಪಾಲಿಸಿಯ ಷರತ್ತುಗಳೊಡನೆ ತಾಳೆ ನೋಡುವುದು, ವಕೀಲರ ನೋಟೀಸು ಬಂದರೆ ಉತ್ತರದ ಕರಡು ಬರೆಯುವುದು, ಇಷ್ಟೇ ನನ್ನ ಕೆಲಸ. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ. ಒಂಬತ್ತಕ್ಕೆ ಮನೆಗೆ ಬೀಗ ಹಾಕಿ ಬಸ್ಸಿಗೆ ಹೊರಡುತ್ತಿದ್ದೆ. ಒಂದು ಕಡತ ಕಟ್ಟದೆ ಇನ್ನೊಂದನ್ನು ಬಿಚ್ಚಿದವಳಲ್ಲ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ನಾಯಿ ಸಾಕಿದಾಗ ಅದಕ್ಕೂ ವೇಳಾಪಟ್ಟಿ ಮಾಡಿದೆ. ಕಾರ್ಪೊರೇಷನ್ನಿನ ಲೈಸೆನ್ಸು, ಚುಚ್ಚುಮದ್ದಿನ ಕಾರ್ಡು, ಗೇಟಿಗೆ 'ನಾಯಿ ಇದೆ, ಎಚ್ಚರಿಕೆ' ಎಂಬ ಬೋರ್ಡು. ಜೊತೆಗೆ ನಮ್ಮ ಕಚೇರಿಯಿಂದಲೇ ಒಂದು ಪಾಲಿಸಿ. ನಾಯಿ ಯಾರನ್ನಾದರೂ ಕಚ್ಚಿ, ಕಾನೂನಿನ ಪ್ರಕಾರ ನಾವು ಪರಿಹಾರ ಕೊಡಬೇಕಾಗಿ ಬಂದರೆ ಆ ಹೊಣೆ ಕಂಪನಿಯದು. ಎದುರು ಮನೆಯ ಅಕ್ಕ ಇದನ್ನು ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದರು. "ನಂಗೇ ಇಲ್ಲ ಕಣೇ ಇನ್ಶೂರೆನ್ಸು, ನಿನ್ನ ನಾಯಿಗಿದೆ."

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು, ಗಂಡನನ್ನು ಕಳೆದುಕೊಂಡವರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಿದ್ದರು. ಮದುವೆ ಕಾಲದಲ್ಲಿ ಊಟಕ್ಕೂ ಏಳುತ್ತಿರಲಿಲ್ಲ. ನಮ್ಮ ಮನೆಗೆ ಬರುವಾಗ ಕೂಗುವ, ಬೆಲ್ ಒತ್ತುವ ಪದ್ಧತಿ ಅವರಿಗಿರಲಿಲ್ಲ. ಗೇಟಿನ ಕಂಬಿಗಳ ನಡುವೆ ಕೈ ತೂರಿಸಿ, ಒಳಗಿನ ಚಿಲಕ ತಾವೇ ತೆಗೆದು, ನೇರ ಅಡುಗೆಮನೆಗೆ ಬಂದು ನಿಲ್ಲುತ್ತಿದ್ದರು. ಹನ್ನೆರಡು ವರ್ಷ ಹೀಗೆ ನಡೆಯಿತು.

ತೊಂಬತ್ತರ ದಶಕದ ನಡುವಿನ ಒಂದು ಭಾನುವಾರ. ನಾಯಿಗೆ ಕಿವಿಯೊಳಗೆ ಹುಣ್ಣಾಗಿತ್ತು. ಹಿಂದಿನ ದಿನ ಔಷಧಿ ಹಾಕಲು ಹೋದ ನಮ್ಮ ಯಜಮಾನರಿಗೆ ಹಲ್ಲು ತೋರಿಸಿ ಗುರುಗುಟ್ಟಿತ್ತು. ಅಂಥ ದಿನ ಅದನ್ನು ಕಟ್ಟಿಹಾಕಬೇಕೆಂಬುದು ನನ್ನದೇ ನಿಯಮ. ನೋವಿನಲ್ಲಿದೆ, ಬಿಸಿಲಿಗೆ ಮಲಗಿರಲಿ ಎಂದು ಅವತ್ತು ಬಿಟ್ಟೆ. ಅಕ್ಕ ಎಂದಿನಂತೆ ಕೈ ತೂರಿಸಿದರು. ನಾಯಿ ಬಲಗೈಯ ಹೆಬ್ಬೆರಳ ಬುಡವನ್ನು ಹಿಡಿದುಕೊಂಡಿತು.

ನಾನು ನಾಯಿಯನ್ನು ಎಳೆದು ಕಟ್ಟುವಷ್ಟರಲ್ಲಿ ಯಜಮಾನರು ಆಟೋ ಹಿಡಿದು ಅಕ್ಕನನ್ನು ಆಸ್ಪತ್ರೆಗೆ ಕರೆದೊಯ್ದಿದ್ದರು. ಗೇಟಿನ ಬಳಿಯ ರಕ್ತ ತೊಳೆದೆ. ಆಮೇಲೆ ಬೀರು ತೆಗೆದು ಪಾಲಿಸಿಯನ್ನು ಕೈಗೆತ್ತಿಕೊಂಡೆ. ಅದರಲ್ಲಿದ್ದ ಷರತ್ತು ನನಗೆ ಬಾಯಿಪಾಠ. ಕಂಪನಿಯ ಒಪ್ಪಿಗೆಯಿಲ್ಲದೆ ಪಾಲಿಸಿದಾರರು ತಪ್ಪು ಒಪ್ಪಿಕೊಳ್ಳಕೂಡದು, ಏನನ್ನೂ ಕೊಡುವುದಾಗಿ ಮಾತು ಕೊಡಕೂಡದು. ಗಾಯಾಳುವಿನ ಮುಂದೆ 'ನಂದೇ ತಪ್ಪು' ಎಂದು ಹೇಳಿಬಂದವರ ಕ್ಲೇಮುಗಳನ್ನು ಎಷ್ಟೋ ಸಲ ನಾನೇ ತಿರಸ್ಕರಿಸಿದ್ದೆ. ಆದರೂ ಮತ್ತೊಮ್ಮೆ ಓದಿದೆ.

ನರ ತುಂಡಾಗಿದೆ, ಹೆಬ್ಬೆರಳು ಇನ್ನು ಮೊದಲಿನಂತೆ ಮಡಿಸಲು ಬರುವುದಿಲ್ಲ ಎಂದರಂತೆ ಡಾಕ್ಟರು. ಹೊಲಿಗೆಯವರಿಗೆ ಹೆಬ್ಬೆರಳಿಲ್ಲದಿದ್ದರೆ ಇನ್ನೇನಿದೆ? ಕತ್ತರಿ ಹಿಡಿಯಬೇಕು, ಹುಕ್ಕು ಕೂರಿಸಬೇಕು, ಕಾಜಾ ಮಾಡಬೇಕು. ಅಕ್ಕನ ಮುಂದಿನ ದಿನಗಳಿಗೆ ನಮ್ಮ ಸಂಬಳದಲ್ಲಿ ಏನು ಕೊಟ್ಟರೂ ಸಾಲದು. ಕಂಪನಿಯಿಂದ ಬರುವ ಪರಿಹಾರವೊಂದೇ ದಾರಿ. ಅದು ಬರಬೇಕಾದರೆ ನಾನು ಬಾಯಿ ಮುಚ್ಚಿಕೊಂಡಿರಬೇಕು. ಅವರೆದುರು ನಿಂತರೆ ನನ್ನ ಬಾಯಿ ಸುಮ್ಮನಿರುವುದಿಲ್ಲ. ಹೀಗೆ ಒಂದರ ಹಿಂದೆ ಒಂದು ಲೆಕ್ಕ ಹಾಕಿ, ಕ್ಲೇಮು ಮುಗಿಯುವವರೆಗೆ ಅವರ ಮನೆಗೆ ಹೋಗಕೂಡದೆಂದು ತೀರ್ಮಾನಿಸಿದೆ.

ನಮ್ಮ ಬೀದಿಯಲ್ಲಿ ಯಾರಿಗಾದರೂ ಎರಡು ದಿನ ಜ್ವರ ಬಂದರೂ ಹೋಗಿ ನೋಡಿಕೊಂಡು ಬರುವುದು ವಾಡಿಕೆ. ಯಜಮಾನರು ದಿನವೂ ಎಳನೀರೋ ಬ್ರೆಡ್ಡೋ ಹಿಡಿದುಕೊಂಡು ಹೋಗಿಬರುತ್ತಿದ್ದರು. ಒಂದು ದಿನ ಬಂದು ಚಪ್ಪಲಿಯನ್ನೂ ಬಿಡದೆ ಹೇಳಿದರು. "ನಿನ್ನೇ ಕೇಳ್ತಾರೆ ಕಣೇ. ಏನೂ ಮಾತಾಡ್ಬೇಡ, ಮುಖ ತೋರ್ಸಿ ಬಾ."

ಕ್ಲೇಮು ಮುಗಿಯಲಿ ಎಂದೆ.

ಕಂಪನಿ ಹಣ ಕೊಡಬೇಕಾದರೆ ಅಕ್ಕ ನಮ್ಮ ಮೇಲೆ ವಕೀಲರ ಮೂಲಕ ನೋಟೀಸು ಕಳಿಸಬೇಕಿತ್ತು. ಅದನ್ನೂ ಯಜಮಾನರ ಕೈಲೇ ಹೇಳಿಕಳಿಸಿದೆ. ಜೊತೆಯಲ್ಲಿ ಹುಳಿ ಸಾರು ಹಂಚಿಕೊಂಡು ತಿಂದವಳ ಮೇಲೆ ಕೇಸು ಹಾಕುವುದಾ ಎಂದು ಅಕ್ಕ ಒಪ್ಪಲೇ ಇಲ್ಲವಂತೆ. ಮೂರು ವಾರ ಹೇಳಿದ ಮೇಲೆ, ಮಾವಳ್ಳಿಯಲ್ಲಿದ್ದ ಅವರ ತಂಗಿ ಒಬ್ಬ ವಕೀಲರನ್ನು ಹಿಡಿದು ನೋಟೀಸು ಕೊಡಿಸಿದರು.

ಅದಕ್ಕೆ ಉತ್ತರ ಕೊಡಬೇಕಾದವಳು ನಾನು. ಕಂಪನಿಯ ವಕೀಲರು ಕರಡು ಕಳಿಸಿದರು. ಮೊದಲ ಉತ್ತರದಲ್ಲಿ ಎಲ್ಲವನ್ನೂ ನಿರಾಕರಿಸುವುದು, ಆಮೇಲೆ ಕೂತು ಮಾತಾಡಿ ರಾಜಿಗೆ ಬರುವುದು, ನಮ್ಮ ಕಚೇರಿಯ ರೂಢಿ. ಕರಡನ್ನು ಓದಿದೆ. ಸದರಿ ನಾಯಿ ಸಾಧು ಸ್ವಭಾವದ್ದು, ಹಿಂದೆಂದೂ ಯಾರ ಮೇಲೂ ಎರಗಿದ್ದಿಲ್ಲ. ಗೇಟಿಗೆ ಎಚ್ಚರಿಕೆಯ ಬೋರ್ಡು ಹಾಕಲಾಗಿತ್ತು. ಸದರಿ ಮಹಿಳೆ ಮನೆಯವರ ಅಪ್ಪಣೆಯಿಲ್ಲದೆ ಒಳಬರಲು ಯತ್ನಿಸಿ, ತಮ್ಮದೇ ಅಜಾಗರೂಕತೆಯಿಂದ ಗಾಯಗೊಂಡರು. ವಾಕ್ಯಗಳ ಗುರುತು ನನಗೆ ಸಿಕ್ಕಿತು. ಹಿಂದೊಮ್ಮೆ ಬೇರೆ ಯಾವುದೋ ಪ್ರಕರಣಕ್ಕೆ ನಾನೇ ತಯಾರಿಸಿಕೊಟ್ಟಿದ್ದ ನಮೂನೆ ಅದು. ಒಂದು ಕಡೆ ದಿನಾಂಕ ತಪ್ಪಾಗಿತ್ತು. ಅದನ್ನು ತಿದ್ದಿ ಸಹಿ ಹಾಕಿದೆ.

ಉತ್ತರವನ್ನು ತಂಗಿ ಅಕ್ಕನಿಗೆ ಕನ್ನಡದಲ್ಲಿ ಓದಿ ಹೇಳಿದಾಗ ಯಜಮಾನರು ಅಲ್ಲೇ ಇದ್ದರಂತೆ. ಅಕ್ಕ ಏನಂದರು ಎಂದು ಕೇಳಿದೆ. ಇನ್ನೊಂದು ಸಲ ಓದಿಸಿಕೊಂಡರು ಎಂದರು. ಅವತ್ತಿನಿಂದ ಯಜಮಾನರು ನನ್ನ ಮುಂದೆ ಆ ಮನೆಯ ಮಾತೆತ್ತುವುದನ್ನು ಬಿಟ್ಟರು.

ಐದು ತಿಂಗಳಿಗೆ ರಾಜಿಯಾಯಿತು. ಕಡತ ಯಾವ ಮೇಜಿನಲ್ಲೂ ಕೊಳೆಯದಂತೆ ನಾನು ನೋಡಿಕೊಂಡಿದ್ದೆ. ಅಂಥ ಗಾಯಕ್ಕೆ ಸಾಮಾನ್ಯವಾಗಿ ಸಿಗುವುದಕ್ಕಿಂತ ಒಳ್ಳೆಯ ಮೊತ್ತವೇ ಸಿಕ್ಕಿತು. ಅಕ್ಕ ರಸೀದಿಗೆ ಎಡಗೈಯಲ್ಲಿ ಸಹಿ ಹಾಕಿದ ದಿನವೇ ಸಂಜೆ, ಹಣ್ಣು ಹೂವು ತೆಗೆದುಕೊಂಡು ರಸ್ತೆ ದಾಟಿದೆ. ಇನ್ನು ಏನು ಬೇಕಾದರೂ ಹೇಳಬಹುದಿತ್ತು.

ಹೊಲಿಗೆ ಯಂತ್ರಕ್ಕೆ ಮುಸುಕು ಹಾಕಿತ್ತು. ನನ್ನನ್ನು ಕಂಡು ಅಕ್ಕ ಎದ್ದು ನಿಂತು ಸೆರಗು ಹೊದ್ದುಕೊಂಡರು.

"ಬನ್ನಿ, ಕೂತ್ಕೊಳ್ಳಿ."

ಹಿಂದೆ ಯಜಮಾನರೂ ಬಂದಿದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅಕ್ಕ ಕರೆದದ್ದು ನನ್ನನ್ನೇ.

ಕೂರದೆ ನಿಂತೇ ಹೇಳಿದೆ. "ಅಕ್ಕ, ತಪ್ಪು ನಂದು. ನಾಯಿಗೆ ಕಿವಿ ನೋವಿದ್ದಿದ್ದು ನಂಗೊತ್ತಿತ್ತು. ಹಿಂದಿನ ದಿನಾನೇ ಇವರಿಗೆ ಹಲ್ಲು ತೋರ್ಸಿತ್ತು. ಕಟ್ಬೇಕಾಗಿತ್ತು, ಕಟ್ಲಿಲ್ಲ."

"ಇರ್ಲಿ ಬಿಡಿ. ಗೇಟು ತೆಗಿಯೋ ಮುಂಚೆ ನಾನೂ ನಿಮ್ಮನ್ನ ಕೇಳ್ಬೇಕಾಗಿತ್ತು. ಬೋರ್ಡ್ ಬೇರೆ ಹಾಕಿದ್ರಿ. ತಪ್ಪಾಯ್ತು."

ದನಿಯಲ್ಲಿ ಕೊಂಕಿರಲಿಲ್ಲ. ಕಾಗದದಲ್ಲಿ ಓದಿದ್ದನ್ನು ಅವರು ನಂಬಿಕೊಂಡಿದ್ದರು. ನಾನು ಷರತ್ತಿನ ವಿಷಯವನ್ನೆಲ್ಲ ವಿವರಿಸಿದೆ. ಯಾಕೆ ಬರಲಿಲ್ಲ, ಯಾಕೆ ಹಾಗೆ ಬರೆದೆವು, ಬರೆಯದಿದ್ದರೆ ಏನಾಗುತ್ತಿತ್ತು. ಕಚೇರಿಯಲ್ಲಿ ಸಾಹೇಬರ ಮುಂದೆ ನಿಂತವರ ಹಾಗೆ ಅವರು ತಲೆಯಾಡಿಸುತ್ತ ಕೇಳಿದರು. ನನ್ನ ಓಡಾಟವನ್ನೆಲ್ಲ ಯಜಮಾನರು ಹೇಳಿದ್ದಾರೆ, ದೊಡ್ಡ ಉಪಕಾರವಾಯಿತು ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತ, ನನಗೆ ಹೇಳುವ ಹಾಗಲ್ಲದೆ, ಮೆಲ್ಲಗೆ ಹೇಳಿದರು.

"ಕೈ ಕಟ್ಟು ಹಾಕ್ಕೊಂಡು ಇಲ್ಲೇ ಕೂತಿರ್ತಿದ್ದೆ. ಒಂಬತ್ತು ಗಂಟೆಗೆ ಬೀಗ ಹಾಕ್ಕೊಂಡು ಹೊರಡೋದು ಕಾಣೋದು. ಒಂದ್ಸಲ ಈ ಕಡೆ ತಿರುಗ್ತೀಯೇನೋ ಅಂದ್ಕೊಳ್ತಿದ್ದೆ."

ಆ ಒಂದು ಮಾತಿನಲ್ಲಿ ನಾನು ಮತ್ತೆ 'ನೀನು' ಆಗಿದ್ದೆ. ಅಷ್ಟರಲ್ಲಿ ಅವರು ಒಳಗೆ ಹೋಗಿ ಎಡಗೈಯಲ್ಲಿ ಲೋಟ ಹಿಡಿದು ಬಂದರು. "ಕಾಫಿ ತಗೊಳ್ಳಿ," ಅಂದರು. ಕುಡಿದೆ. ಅವರು ಹೇಳಿದ್ದು ನಿಜ. ಕಿಟಕಿಯಲ್ಲಿ ಯಾರೋ ಕೂತಿರುವುದು ನನಗೂ ದಿನವೂ ತಿಳಿಯುತ್ತಿತ್ತು. ತಪ್ಪು ಒಪ್ಪಿಕೊಳ್ಳಬೇಡ ಎಂದಿತ್ತೇ ಹೊರತು, ತಲೆ ತಿರುಗಿಸಿ ನೋಡಬೇಡ ಎಂದು ಆ ಪಾಲಿಸಿಯಲ್ಲಿ ಎಲ್ಲಿಯೂ ಇರಲಿಲ್ಲ. ಆ ಕೈಯನ್ನು ನೋಡುವುದಕ್ಕೆ ನನಗೇ ಆಗುತ್ತಿರಲಿಲ್ಲ.

ಜಗಳವಾಗಿದ್ದರೆ ಯಾರಾದರೂ ನಡುವೆ ಬಂದು ಸರಿಮಾಡುತ್ತಿದ್ದರು. ಜಗಳವೇ ಇರಲಿಲ್ಲ. ಎದುರಾದರೆ ಅಕ್ಕ ನಗುತ್ತಿದ್ದರು, ಆರೋಗ್ಯ ವಿಚಾರಿಸುತ್ತಿದ್ದರು. ಮರುವರ್ಷ ಮನೆ ಖಾಲಿ ಮಾಡಿ ತಂಗಿಯ ಜೊತೆ ಇರಲು ಮಾವಳ್ಳಿಗೆ ಹೋದರು.

ನಾನು ತಿಂಗಳಿಗೊಮ್ಮೆ, ಎರಡನೇ ಶನಿವಾರ ಹನ್ನೊಂದು ಗಂಟೆಗೆ, ಹೋಗಿಬರುವ ಪದ್ಧತಿ ಇಟ್ಟುಕೊಂಡೆ. ನಿವೃತ್ತಳಾದ ಮೇಲೂ ಬಿಡಲಿಲ್ಲ. ಅಕ್ಕ ತಂಗಿಯ ಕೈಲಿ ಚಾಪೆ ಹಾಸಿಸುತ್ತಿದ್ದರು, ಕಾಫಿ ಕೊಡಿಸುತ್ತಿದ್ದರು, ಹೊರಡುವಾಗ ಕುಂಕುಮ ಕೊಡಿಸುತ್ತಿದ್ದರು. ಒಮ್ಮೆ ಜ್ವರ ಬಂದು ನನಗೆ ಒಂದು ತಿಂಗಳು ತಪ್ಪಿತು. ಮುಂದಿನ ತಿಂಗಳು ಹೋದಾಗ ಕೇಳುತ್ತಾರೆಂದು ಕಾದೆ. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ.