ಅಳ್ಳಾಡಬ್ಯಾಡ್ರಿ, ನಾ ಇಲ್ಲೇ ಇದ್ದೀನ್ರಿ

ಇಲ್ಲ... ನಂಬಿಕೆಯೇ ಬರುತ್ತಿಲ್ಲ.
ಬೆಳಿಗ್ಗೆಯಷ್ಟೇ ರಶೀದ್ ಭಾಯ್ ಮನೆಯಿಂದ ಭಾಭಿ ಫೋನಿನಲ್ಲಿ "ಜರಾ ಗಂಜಿ ಕುಡ್ದಾರ ತಂಗಿ" ಅಂದಿದ್ದರು...
ಮಧ್ಯಾಹ್ನ ಮತ್ತೆ ಅವರದೇ ಫೋನ್. ಬರೀ ಅಳು.

ನಮ್ಮ ರಶೀದ್ ಭಾಯ್ ಹೋಗಿಬಿಟ್ಟರು.

ಹುಮನಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ.
ಅವರ ಊರು ಬಸವಕಲ್ಯಾಣದ ಬಸ್ ಇನ್ನೂ ಬಂದಿಲ್ಲ. ಮಣ್ಣು ಕೊಡುವುದು ಸಂಜೆಗಂತೆ.

ಇಲ್ಲಿನ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ಎಂಆರ್‌ಐ ಮಾಡಿಸಿಕೊಂಡವರಿಗೆ ಅವರ ಮುಖ ನೆನಪಿರಲಿಕ್ಕಿಲ್ಲ.
ಆದರೆ ಮೆಷಿನ್ ಒಳಗೆ ಆ ಢಬಢಬ ಸದ್ದಿಗೆ ಜೀವ ಬಾಯಿಗೆ ಬಂದಾಗ ಮೈಕಿನಲ್ಲಿ ಕೇಳುತ್ತಿತ್ತಲ್ಲ...
"ಅಳ್ಳಾಡಬ್ಯಾಡ್ರಿ, ನಾ ಇಲ್ಲೇ ಇದ್ದೀನ್ರಿ."
ಆ ದನಿ ಅವರದು.
ನನಗೆ ಟೆಕ್ನಿಷಿಯನ್ ಕೆಲಸ ಕಲಿಸಿದವರೂ ಅವರೇ.

ಮಿದುಳಿನಲ್ಲಿ ರಕ್ತ ಎಲ್ಲಿ ಜಾಸ್ತಿ ಹರಿಯುತ್ತಿದೆ ಅಂತ ಬಣ್ಣದಲ್ಲಿ ತೋರಿಸುವ ಹೊಸ ಸಾಫ್ಟ್‌ವೇರ್ ಬಂದಾಗ ಎಲ್ಲರಿಗೂ ಪೇಡೆ ಹಂಚಿದ್ದರು.
"ಇನ್ನ ಗಡ್ಡಿ ಎಲ್ಲಿ ಅಡಗ್ತದ ನೋಡಮು!"
ಆ ಗಡ್ಡೆ ಅವರದೇ ತಲೆಯೊಳಗೆ ಅಡಗಿ ಕೂತಿತ್ತು...

ಭಾಯ್...
ಆಪರೇಷನ್ ಆಯ್ತು. ರೇಡಿಯೇಶನ್ ಆಯ್ತು.
ಆಮೇಲೆ ಸ್ಕ್ಯಾನಿನಲ್ಲಿ ಮತ್ತೆ ಒಂದು ಬಿಳಿ ಗುರುತು.
ರೇಡಿಯೇಶನ್ ಗಾಯವೋ... ಗಡ್ಡೆಯೇ ಮತ್ತೆ ಬೆಳೆದದ್ದೋ...
ಬಣ್ಣದಲ್ಲಿ ನೋಡಿದರೇ ಗೊತ್ತಾಗುವುದು ಅಂದರು ಡಾಕ್ಟರು.
ಗಾಯವಾದರೆ ರಕ್ತ ಕಡಿಮೆ, ನೀಲಿ. ಗಡ್ಡೆಯಾದರೆ ರಕ್ತ ಜಾಸ್ತಿ, ಕೆಂಪು.

ನಿಮ್ಮನ್ನು ಟೇಬಲ್ ಮೇಲೆ ಮಲಗಿಸಿದ್ದು ನಾನು.
ಮೈಕ್ ಹಿಡಿದರೂ ಬಾಯಿಂದ ಮಾತು ಹೊರಡಲಿಲ್ಲ.
ಒಳಗಿನಿಂದ ನೀವೇ ಕೇಳಿದಿರಿ, "ಯಾಕ ತಂಗಿ, ಸುಮ್ಮ ಆದಿ?"
"ನಾ ಇಲ್ಲೇ ಇದ್ದೀನ್ರಿ ಭಾಯ್" ಅಂದೆ.

ಎದ್ದವರು ಮನೆಗೆ ಹೋಗಲಿಲ್ಲ. ನನ್ನ ಪಕ್ಕ ಕುರ್ಚಿ ಎಳೆದು ಕೂತಿರಿ.
"ಕಲರ್ ಹಾಕು."
ಹಾಕಿದೆ...
ಕೆಂಪು. ಕೆಂಡದಂಥ ಕೆಂಪು.

ನೀವು ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಗ್ಗಿ ನೋಡಿದಿರಿ.
"ಚಿತ್ರ ಛಲೋ ಬಂದದ ತಂಗಿ. ಒಂದಿಷ್ಟೂ ಅಳ್ಳಾಡಿಲ್ಲ ನೋಡು ನಾ."

ಹೊರಗೆ ಬೆಂಚಿನ ಮೇಲೆ ಭಾಭಿ ಕಾಯುತ್ತಿದ್ದರು.
ಹೇಗೆ ಹೇಳಿದಿರೋ... ನಾನು ರೂಮಿನಿಂದ ಹೊರಗೇ ಬರಲಿಲ್ಲ.

ಟೆಕ್ನಾಲಜಿ ಎಷ್ಟು ಮುಂದುವರಿದಿದೆ ಅಂತ ದಯವಿಟ್ಟು ಯಾರೂ ಇಲ್ಲಿ ಕಾಮೆಂಟ್ ಹಾಕಬೇಡಿ.
ಕಾಣುವುದೆಲ್ಲ ಕಂಡಿತು. ಮಾಡಲಿಕ್ಕೆ ಏನೂ ಉಳಿದಿರಲಿಲ್ಲ.

ನಾಳೆ ಮತ್ತೆ ಆ ಮೈಕ್ ಹಿಡಿಯಬೇಕು.
ಯಾರಿಗೋ "ನಾ ಇಲ್ಲೇ ಇದ್ದೀನ್ರಿ" ಅನ್ನಬೇಕು.
ಇದ್ದು ಏನು ಮಾಡಿದೆ ಭಾಯ್, ನಾನು?

ಬಸ್ ಬಂತು...

ಆರಾಮ್ ಮಲಗ್ರಿ ಭಾಯ್. ಇನ್ನ ಯಾವ ಸದ್ದೂ ಇಲ್ಲ.
ನಿಮ್ಮ ರೂಹಿಗೆ ನೆಮ್ಮದಿ ಸಿಗಲಿ.
ಖುದಾ ಹಾಫಿಜ್. 🙏