ಗಂಟಿಲ್ಲದ ಎಳೆ

ಕಾಕಾ ನೇಯ್ದುಕೊಟ್ಟ ಸೀರೆಯನ್ನು ನೀರಿಗೆ ಹಾಕಿದಾಗಲೆಲ್ಲ ಬೂದಿನೀರಲ್ಲಿ ಏನೋ ಬೇಯುವ ವಾಸನೆ ಏಳುತ್ತದೆ. ಇಷ್ಟು ವರ್ಷಗಳ ಮೇಲೆ ಏಳಲು ಸಾಧ್ಯವಿಲ್ಲ, ಗೊತ್ತು. ಆದರೂ ಮೂಗು ಮುಚ್ಚಿಕೊಳ್ಳುತ್ತೇನೆ. ಬನಹಟ್ಟಿಯ ನಮ್ಮ ಮನೆಯ ಹಿತ್ತಲಲ್ಲಿ ಒಂದು ಬಾರಿಗಿಡ, ಅಂದರೆ ಬೋರೆಹಣ್ಣಿನ ಮರವಿತ್ತು. ಮಳೆಗಾಲದಲ್ಲಿ ಅದರ ಎಲೆ ತಿಂದು ಬೆರಳು ದಪ್ಪದ ಹಸಿರು ಹುಳುಗಳು ಬೆಳೆಯುತ್ತಿದ್ದವು. ಮುಟ್ಟಿದರೆ ತಲೆ ಒಳಗೆಳೆದುಕೊಂಡು ಸುಮ್ಮನಾಗುತ್ತಿದ್ದವು, ಬೈಸಿಕೊಂಡ ಮಕ್ಕಳ ಹಾಗೆ. ನಾನು ಚಿಕ್ಕವಳಿದ್ದ ಒಂದು ವರ್ಷ ಹುಳುವೊಂದು ನನ್ನ ಕೈಗೆಟುಕುವ ಟೊಂಗೆಗೇ ಗೂಡು ಕಟ್ಟಿತು. ಮೊಟ್ಟೆಯಾಕಾರ, ಕಂದು ಬಣ್ಣ, ಕಲ್ಲಿನಷ್ಟು ಗಟ್ಟಿ, ತೊಟ್ಟಿನಿಂದ ತೂಗುತ್ತಿತ್ತು. ಅದರೊಳಗಿಂದ ಅಂಗೈಗಿಂತ ದೊಡ್ಡ ಪತಂಗ ಬರುತ್ತದೆ, ರೆಕ್ಕೆಯಲ್ಲಿ ಆಚೆ ಕಾಣುವ ಕಿಟಕಿಗಳಿರುತ್ತವೆ ಎಂದು ಹೇಳಿದವನೇ ಕಾಕಾ. ಅಪ್ಪನ ತಮ್ಮ, ಆ ಮನೆಯಲ್ಲಿ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವನು ಅವನೊಬ್ಬ.

ತೇರದಾಳದ ಅತ್ತೆಯ ಮನೆಯ ಮದುವೆಗೆ, ಗೂಡು ಬಿಟ್ಟು ನಾನು ಬರುವುದಿಲ್ಲವೆಂದು ಹಟ ಹಿಡಿದೆ. "ಹೋಗಿ ಬಾ ಬೇ. ನೀ ಬರೂತನಾ ನಾ ಕಾಯ್ತೇನಿ" ಅಂದ ಕಾಕಾ. ತಿರುಗಿ ಬಂದಾಗ ಟೊಂಗೆ ಖಾಲಿ, ನೀರೊಲೆಯ ಕಡೆಯಿಂದ ಆ ವಾಸನೆ. ಹುರುಳಿ ಬೇಯಿಸಿದ್ದೆ ಎಂದಳು ಅಜ್ಜಿ, ನಮ್ಮ ಆಯಿ. "ಹಾರಿ ಹೋತವ್ವಾ," ಅಂದ ಕಾಕಾ, "ನಿನ್ನ ಹಾಸಿಗಿ ಮ್ಯಾಲ ಒಂದ ಸುತ್ತ ಹೊಡದು ಹೋತು." ನಕ್ಕ ಎಂದು ಬರೆಯಹೊರಟೆ, ನಕ್ಕಿರಲಿಕ್ಕಿಲ್ಲ. ಅವನ ಆಗಿನ ಮುಖ ನೆನಪಿಲ್ಲ, ನಗುವನ್ನು ನಾನೀಗ ಅಂಟಿಸುತ್ತಿದ್ದೇನೆ.

ನಾನು ಮೊದಲ ಸಲ ಸೀರೆ ಉಡುವ ವಯಸ್ಸಾದಾಗ ಅವನೇ ನೇಯ್ದುಕೊಟ್ಟ. ನೀಲಿ ಅಂಚಿನಲ್ಲಿ ಬಣ್ಣ ಹಾಕದ ಒಂದು ಕಂದು ರೇಷ್ಮೆ ಎಳೆ. ಉದ್ದಕ್ಕೂ ಬೆರಳಾಡಿಸಿದೆ, ಎಲ್ಲೂ ಗಂಟಿಲ್ಲ. ನೇಕಾರರ ಮನೆಯವಳಿಗೆ ಅಷ್ಟು ಸಾಕು. ಪತಂಗ ಹೊರಬಂದ ಗೂಡಿನ ನೂಲು ತುಂಡು ತುಂಡಾಗಿ ಬರುತ್ತದೆ. ಇಡೀ ಎಳೆ ಬೇಕಾದರೆ ಜೀವ ಒಳಗಿರುವಾಗಲೇ ಗೂಡನ್ನು ಬೂದಿನೀರಲ್ಲಿ ಬೇಯಿಸಬೇಕು. ಅವತ್ತು ಬೇಯಿಸುವಾಗ ಒಳಗೆ ಹುಳ ಇತ್ತೇನು ಎಂದು ಆಯಿಯನ್ನು ಕೇಳಿದೆ. "ನೂಲು ಭಾಳ ಛಲೋ ಬಂದಿತ್ತ ಬಿಡು," ಅಂದಳು, "ನಿನ್ನ ಸಲುವಾಗೇ ನಿಮ್ಮ ಕಾಕಾ ತಗದಿಟ್ಟಿದ್ದ."

ಗಿಡ ಹೋಯಿತು, ಆಯಿ ಹೋದಳು, ಕಾಕಾನೂ ಹೋದ. ಅಲ್ಲೀಗ ಬೇರೆಯವರ ಪವರ್‌ಲೂಮ್ ಬಡಿಯುತ್ತದೆ. ಆ ಪತಂಗವನ್ನು ನಾನು ಇವತ್ತಿಗೂ ನೋಡಿಲ್ಲ, ನೀವು ನೋಡಿದ್ದೀರಾ? ಬೇಯಿಸಿದ್ದನ್ನು ಕ್ಷಮಿಸಬಲ್ಲೆ, ನೂಲು ಕಂಡರೆ ಕೈ ತಡೆಯದ ಮನೆ ನಮ್ಮದು. ಆದರೆ ಹಾರಿಹೋದದ್ದು ತಿರುಗಿ ಬಂದೀತೆಂದು ಆ ಮಳೆಗಾಲವೆಲ್ಲ ಸಂಜೆ ಬಾರಿಗಿಡದ ಕೆಳಗೆ ಕೂರುತ್ತಿದ್ದೆ. ಕಾಕಾ ಮಗ್ಗ ನಿಲ್ಲಿಸಿ ಬಂದು, ಪಕ್ಕದಲ್ಲಿ ಕೂತು, ನನ್ನ ಜೊತೆ ತಾನೂ ಮೇಲೆ ನೋಡುತ್ತಿದ್ದ.